ಮೊದಲ ಆಟಕ್ಕೆ ಮುಂಚೆ

ಮಂಗಳವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನನ್ನ ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸು ಬಿಟ್ಟ ಮೇಲೆ ಸಹಿ ಹಾಕಿದ್ದು ಬಿಟ್ಟರೆ ಪೆನ್ನು ಹಿಡಿದದ್ದೇ ಕಡಿಮೆ. ಸಾಲುಗಳು ಮೇಲಕ್ಕೆ ಹತ್ತಿ ಹೋಗುತ್ತಿವೆ, ಎಳೆದು ಕೆಳಗೆ ತಂದರೆ ಇನ್ನೊಂದು ಕಡೆ ಜಾರುತ್ತವೆ. ಒತ್ತಕ್ಷರ ತಪ್ಪಿದ ಕಡೆ ನೀನೇ ತಿದ್ದಿಕೊಂಡು ಓದು. ಅಡುಗೆಮನೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ, ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, "ಇನ್ನೊಂದ್ಸಲ ಬರಿ" ಅನ್ನುತ್ತಿದ್ದವಳು ನೀನೇ ಅಲ್ಲವೆ. ಕಾಗದದ ಮೇಲೆ ಒರೆಸಲು ಬರುವುದಿಲ್ಲ. ಗೀಟು ಎಳೆದು ಎಳೆದು ಇಷ್ಟು ಕೊಳಕಾಗಿದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಹೇಗೆ ಅಂತ ನಿನಗೆ ಗೊತ್ತು. ನೀನು ಹತ್ತು ಮಾತಾಡಿದರೆ ನಾನು ಒಂದು ಹೂಂ. ಭಾನುವಾರವೂ ಹಾಗೇ ಆಯಿತು. "ಮೂಗೀ, ಶುಕ್ರವಾರ ಮೊದಲ ಆಟಕ್ಕೇ ಹೋಗ್ತಿದೀವಿ ಕಣೇ! ಇಸ್ತ್ರಿಯವರು, ಒಗೆಯೋರು, ನಮ್ಮ ಮೇಸ್ತ್ರಿ ಕೂಡ ಬರ್ತೀನಿ ಅಂದಿದಾರೆ. ನಿನ್ನ ಕೂಗು ಬಂದ ತಕ್ಷಣ ಎಲ್ಲರೂ ಚಪ್ಪಾಳೆ ಹೊಡೀಬೇಕು ಅಂತ ಹೇಳಿಟ್ಟಿದೀನಿ. ಲಾಂಡ್ರಿಯೋರ ಕೈ ಹೇಗಿರುತ್ತೆ ಅಂತ ಗೊತ್ತಲ್ಲ, ಥಿಯೇಟರ್ ಹಾರಿಹೋಗ್ಬೇಕು!" ಅಂದೆ. ನಾನು ಹೂಂ ಅಂದೆ. ಫೋನಿಟ್ಟ ಮೇಲೆ ತಟ್ಟೆಯಲ್ಲಿದ್ದದ್ದನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಅಕ್ಕಾ, ಈ ಕಾಗದ ಶುಕ್ರವಾರಕ್ಕೆ ಮುಂಚೆ ನಿನ್ನ ಕೈ ಸೇರಬೇಕು. ಆ ಸಿನಿಮಾದಲ್ಲಿ ಬರುವ ಕೂಗು ನನ್ನ ಗಂಟಲಿನಿಂದ ಬಂದದ್ದು ನಿಜ. ಆದರೆ ಅದು ನನ್ನದಲ್ಲ. ನಿನ್ನದು. ಎಲ್ಲಿಂದ ತಂದೆ ಅಂತ ಹೇಳುತ್ತೇನೆ, ಒಮ್ಮೆಲೇ ಹೇಳಲು ಧೈರ್ಯ ಸಾಲದು. ಲಾಂಡ್ರಿಯಲ್ಲಿ ನಿಂತು ಓದಬೇಡ. ಮನೆಗೆ ಹೋಗಿ, ಕೂತು ಓದು. ಭಾವ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಸ್ಟುಡಿಯೋದಲ್ಲಿ ನಾನು ಏನು ಮಾಡುತ್ತೇನೆ ಅಂತಲೂ ನಿನಗೆ ಪೂರ್ತಿ ಹೇಳಿಲ್ಲ. ದನಿ ಕೊಡುವ ಕೆಲಸ ಅಂದೆ, ಗುಂಪಿನ ಗದ್ದಲ ಅಂದೆ. ಹೋದ ತಿಂಗಳು ನೀನು ಬಿಡದೆ ಕೇಳಿದಾಗ "ಒಂದು ಕಡೆ ಕೂಗ್ತೀನಿ" ಅಂದೆ. ನಿಜ ಹೇಳಬೇಕೆಂದರೆ ನನ್ನ ಕೆಲಸವೇ ಕೂಗುವುದು. ನಮ್ಮ ಸ್ಟುಡಿಯೋದಲ್ಲಿ ಹೆಚ್ಚಾಗಿ ಆಗುವುದು ದೆವ್ವದ ಸಿನಿಮಾಗಳ ಡಬ್ಬಿಂಗು. ಹೀರೋಯಿನ್‌ಗಳು ಮಾತಾಡುತ್ತಾರೆ, ಅಳುತ್ತಾರೆ, ಆದರೆ ಕೂಗುವುದಿಲ್ಲ, ಗಂಟಲು ಕೆಡುತ್ತದೆ ಅಂತ. ಆ ಒಂದು ಜಾಗದಲ್ಲಿ ನನ್ನನ್ನು ತಂದು ನಿಲ್ಲಿಸುತ್ತಾರೆ.

ನಾನು ಅಲ್ಲಿಗೆ ಸೇರಿದ್ದು ನೆಲ ಒರೆಸಲು. ಒಂದು ದಿನ ಮೈಕಿನ ಕೋಣೆ ಒರೆಸುತ್ತಿದ್ದೆ. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿರುವ ಕೋಣೆ ಅದು, ಒಳಗೆ ನಿಂತರೆ ನಮ್ಮ ಉಸಿರೇ ನಮಗೆ ಜೋರು. ಯಾರೋ ಬಾಗಿಲು ಹಾಕಿಕೊಂಡು ಹೋದರು, ದೀಪವೂ ಹೋಯಿತು, ಕಾಲಿನ ಮೇಲೆ ಏನೋ ಹರಿಯಿತು. ನನಗೇ ಗೊತ್ತಿಲ್ಲದೆ ಚೀರಿದೆ. ಸೌಂಡ್ ಅಣ್ಣ ಓಡಿ ಬಂದರು. ಅವರ ಹೆಸರು ಬೇರೆ, ಧ್ವನಿಯ ಯಂತ್ರದ ಮುಂದೆ ಕೂರುವವರಾದ್ದರಿಂದ ಎಲ್ಲರಿಗೂ ಸೌಂಡ್ ಅಣ್ಣ. ನನ್ನನ್ನು ಹೊರಗೆ ಬಿಡಲು ಬಂದರು ಅಂದುಕೊಂಡೆ. ಅವರು ಬಂದದ್ದು "ಮತ್ತೊಂದ್ಸಲ ಬರುತ್ತಾ ಅದು?" ಅಂತ ಕೇಳಲು. ಮೈಕು ಆನ್ ಇತ್ತಂತೆ. ನಾಲ್ಕು ಜನರ ಮುಂದೆ ಹೆಸರು ಹೇಳಲು ತಡವರಿಸುವವಳು, ಅಂಗಡಿಯಲ್ಲಿ ಸೋಪು ಬೇಕು ಅಂತ ಮೂರು ಸಲ ಹೇಳಿದರೂ ದನಿ ಕೇಳಿಸದವಳು, ಅವತ್ತಿನಿಂದ ಕೂಗಿ ಸಂಬಳ ತೆಗೆದುಕೊಳ್ಳುವವಳಾದೆ. ನಿನ್ನ ಮೂಗಿಯ ಹಣೆಬರಹ ನೋಡು.

ನಮ್ಮಲ್ಲಿ ಕೂಗಿಗೆ ಹೆಸರುಗಳಿವೆ. ಚಿಕ್ಕದಾಗಿ ಕಿರ್ ಅಂದರೆ ಇಲಿ. ಎದುರಿಗೆ ಯಾರೋ ದಿಢೀರನೆ ನಿಂತದ್ದಕ್ಕೆ ಬಾಗಿಲು. ಎಲ್ಲಿಂದಲೋ ಬೀಳುತ್ತ ಬೀಳುತ್ತ ಕೂಗುವುದು ಬಾವಿ. ಬೆಳಿಗ್ಗೆ ಹೋದ ಕೂಡಲೇ ಸೌಂಡ್ ಅಣ್ಣ ಅಂಗಡಿಯಲ್ಲಿ ಸಾಮಾನು ಕೇಳಿದ ಹಾಗೆ, "ಇವತ್ತು ಎರಡು ಇಲಿ, ಒಂದು ಬಾಗಿಲು, ಬಾವಿ ಇದ್ರೆ ಮಧ್ಯಾಹ್ನದ ಮೇಲೆ" ಅನ್ನುತ್ತಾರೆ. ನನ್ನ ಜೊತೆಗೆ ಕೆಲಸ ಮಾಡುವವರು ದೆವ್ವದಮ್ಮ. ಅಜ್ಜಿ ವಯಸ್ಸಿನವರು. ದೆವ್ವದ ನಗುವೆಲ್ಲ ಅವರದ್ದೇ. ನಕ್ಕಾದ ಮೇಲೆ ಬಿಸಿನೀರು ಕುಡಿದು, ಅರ್ಧಕ್ಕೆ ಬಿಟ್ಟಿದ್ದ ಉಲ್ಲನ್ ಟೋಪಿಯನ್ನು ಹೆಣೆಯಲು ಕೂರುತ್ತಾರೆ. ಮೊದಲ ವಾರ ನನಗೆ ಗಂಟಲು ಕಟ್ಟಿದಾಗ, "ಹೊಟ್ಟೆಯಿಂದ ಕೂಗೇ ಹುಡುಗಿ. ಗಂಟಲಿಂದ ಕೂಗಿದ್ರೆ ಇವತ್ತು ಉಪ್ಪುನೀರು, ನಾಳೆ ಡಾಕ್ಟ್ರು" ಅಂತ ಹೇಳಿಕೊಟ್ಟವರು ಅವರು.

ಸೇರಿದ ಹೊಸದರಲ್ಲಿ ನನಗೆ ಒಂದು ಅರ್ಥವಾಗುತ್ತಿರಲಿಲ್ಲ. ಹೆದರುವುದು ಯಾರಿಗಾದರೂ ಇಷ್ಟವೆ? ದುಡ್ಡು ಕೊಟ್ಟು, ಕತ್ತಲಲ್ಲಿ ಕೂತು, ಬೆವರಿ, ಮತ್ತೆ ಮುಂದಿನ ವಾರವೂ ಬರುತ್ತಾರಲ್ಲ ಯಾಕೆ? ಸೌಂಡ್ ಅಣ್ಣನನ್ನು ಕೇಳಿದೆ. "ಉಯ್ಯಾಲೆ ಮೇಲಿಂದ ಕೆಳಗೆ ಬರುವಾಗ ಹೊಟ್ಟೆಯಲ್ಲಿ ಝಲ್ ಅನ್ನಲ್ವಾ? ಬಿದ್ದುಬಿಡ್ತೀನಿ ಅನ್ಸುತ್ತೆ, ಬೀಳಲ್ಲ ಅಂತಾನೂ ಗೊತ್ತಿರುತ್ತೆ. ಅಷ್ಟೇ. ಅದನ್ನ ಮಾರೋದೇ ನಮ್ಮ ದಂಧೆ" ಅಂದರು. ದೆವ್ವದಮ್ಮ ಸೂಜಿಯಿಂದ ಕಣ್ಣೆತ್ತದೆ ಬೇರೆಯೇ ಹೇಳಿದರು. "ಮನೇಲಿರೋ ಭಯಕ್ಕೆ ಮುಖ ಇರಲ್ಲ ಕಣೇ. ಬಾಡಿಗೆ, ಕಾಯಿಲೆ, ಮಗ ಕುಡಿದು ಬರ್ತಾನಾ ಇಲ್ವಾ... ಎಲ್ಲಿ ಅಂತ ನೋಡ್ತೀಯ ಅದನ್ನ? ನಮ್ಮ ದೆವ್ವಕ್ಕಾದ್ರೆ ಕೆದರಿದ ಕೂದಲಿದೆ, ಕೋರೆಹಲ್ಲಿದೆ. ಇದಕ್ಕೆ ಹೆದರಬೇಕು ಅಂತ ಬೆರಳು ತೋರಿಸಿ ಹೇಳಬಹುದು. ಅದೇ ಒಂದು ನೆಮ್ಮದಿ."

ನನಗೆ ನಿಜವಾಗಿ ಅರ್ಥವಾದದ್ದು ನಿನ್ನಿಂದ.

ಎರಡು ವರ್ಷದ ಹಿಂದೆ ಆಸ್ಪತ್ರೆಯಿಂದ ಬಂದ ಮೇಲೆ ನೀನು ಹೇಗಿದ್ದೆ ಅಂತ ನಿನಗೆ ಗೊತ್ತಿಲ್ಲ, ನೋಡಿದವಳು ನಾನು. ಏನೂ ಆಗದವಳ ಹಾಗೆ ಇದ್ದೆ. ಎರಡೇ ವಾರಕ್ಕೆ ಕೆಲಸಕ್ಕೆ ಹೋದೆ. ಹೋಟೆಲಿನ ಬಿಳಿ ಹಾಸಿಗೆ ಬಟ್ಟೆಗಳನ್ನು ಆ ದೊಡ್ಡ ಇಸ್ತ್ರಿ ಯಂತ್ರಕ್ಕೆ ಒಡ್ಡುತ್ತಾ ನಿಂತೆ. ಯಾರಾದರೂ ವಿಚಾರಿಸಿದರೆ "ಚೆನ್ನಾಗಿದೀನಿ, ನೀವು ಹೇಗಿದೀರಿ" ಅಂತ ಅವರನ್ನೇ ವಿಚಾರಿಸುತ್ತಿದ್ದೆ. ಮನೆಯಲ್ಲಿ ಪಾತ್ರೆಯನ್ನೂ ಸದ್ದಾಗದ ಹಾಗೆ ಇಡುತ್ತಿದ್ದೆ. ಆಮೇಲೆ ಒಂದು ದಿನ ಭಾವ ನನ್ನನ್ನು ಬದಿಗೆ ಕರೆದು, "ನಿಮ್ಮಕ್ಕಂಗೆ ಏನಾಗಿದೆ ನೋಡಮ್ಮ. ಒಳ್ಳೇ ಸಂಸಾರದ ಸಿನಿಮಾಕ್ಕೆ ಕರೆದ್ರೆ ತಲೆನೋವು ಅಂತಾಳೆ. ದೆವ್ವ ಅಂದ್ರೆ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ. ನಂಗೆ ನೋಡಕ್ಕಾಗಲ್ಲ, ನಾನು ಬಸ್ ಓಡಿಸೋನು, ರಾತ್ರಿ ಕನ್ನಡೀಲಿ ಹಿಂದಿನ ಸೀಟು ನೋಡ್ಬೇಕು. ನೀನೇ ಹೋಗಿ ಬಾ ಅವಳ ಜೊತೆ" ಅಂದರು.

ಹಾಗೆ ನಿನ್ನ ಜೊತೆ ಬಂದೆನಲ್ಲ, ನೆನಪಿದೆಯಾ? ಪಾಪ್‌ಕಾರ್ನ್ ಡಬ್ಬ ನಿನ್ನ ತೊಡೆಯ ಮೇಲಿತ್ತು. ಮಂಚದ ಕೆಳಗಿನಿಂದ ಒಂದು ಕೈ ಬಂದು ಹುಡುಗಿಯ ಕಾಲು ಹಿಡಿಯಿತು. ಇಡೀ ಥಿಯೇಟರು ಕೂಗಿತು. ಆ ಎಲ್ಲ ಕೂಗಿನ ಮೇಲೆ ಒಂದು ಕೂಗಿತ್ತು, ಅದು ನಿನ್ನದು. ತಿರುಗಿ ನೋಡಿದೆ. ನೀನು ಬಾಯಿ ಪೂರ್ತಿ ತೆರೆದು, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿ ಕೂಗುತ್ತಿದ್ದೆ. ಆಮೇಲೆ ನಕ್ಕೆ. ಹಿಂದಿನ ಸಾಲಿನಲ್ಲಿ ಯಾರೋ, "ಅಕ್ಕಾ, ದೆವ್ವ ಹೆದರಿ ಓಡೋಯ್ತು ನೋಡ್ರೀ" ಅಂದ. ಎಲ್ಲರೂ ನಕ್ಕರು, ನೀನೂ ಕಣ್ಣೊರೆಸಿಕೊಂಡು ನಕ್ಕೆ. ಎಷ್ಟೋ ತಿಂಗಳ ನಂತರ ನಿನ್ನ ಮುಖಕ್ಕೆ ರಕ್ತ ಬಂದದ್ದನ್ನು ನೋಡಿದೆ. ಹೊರಗೆ ಬಂದು ನಡೆಯುವಾಗ ನೀನು ಸುಮ್ಮನೆ ಮಾತಿಗೆ ಹೇಳಿದ ಹಾಗೆ ಹೇಳಿದೆ, "ಇಲ್ಲಿ ಕೂಗಿದ್ದು ಯಾರು ಅಂತ ಯಾರೂ ಕೇಳಲ್ಲ ನೋಡು. ಯಾಕೆ ಅಂತಾನೂ ಕೇಳಲ್ಲ. ಕೊನೆಗೆ ದೀಪ ಹಾಕ್ತಾರೆ, ಎಲ್ರೂ ಚಪ್ಪಲಿ ಹುಡುಕ್ಕೊಂಡು ಮನೆಗೆ ಹೋಗ್ತಾರೆ."

ಆ ಥಿಯೇಟರು ನಿನಗೆ ಏನು ಅಂತ ಅವತ್ತು ತಿಳಿಯಿತು. ನಾನು ಈಗ ಹಾಳು ಮಾಡಿರುವುದು ಆ ಜಾಗವನ್ನೇ.

ಇನ್ನು ಆಸ್ಪತ್ರೆಯ ಮಾತು. ತಡೆದುಕೊಂಡು ಓದು.

ಅವತ್ತು ಭಾವ ಬಸ್ಸಿನಲ್ಲಿದ್ದರು, ಬರಲು ತಡವಾಯಿತು. ನಿನ್ನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಇದ್ದವಳು ನಾನೊಬ್ಬಳೇ. ಬಾಗಿಲಿಗೆ ಒಂದು ದುಂಡನೆಯ ಗಾಜಿತ್ತು, ಒಳಗೆ ಕಾಣದ ಹಾಗೆ ಅದಕ್ಕೆ ಹಸಿರು ಬಣ್ಣ ಬಳಿದಿದ್ದರು. ಬಣ್ಣ ಒಂದು ಕಡೆ ಕೆರೆದುಹೋಗಿತ್ತು, ಅಲ್ಲಿಂದ ಬೆಳಕು ಮಾತ್ರ ಬರುತ್ತಿತ್ತು. ಮಧ್ಯಾಹ್ನದ ಹೊತ್ತು. ಡಾಕ್ಟರು ಏನೋ ಹೇಳಿದರು, ಮಾತು ಕೇಳಿಸಲಿಲ್ಲ. ಆಮೇಲೆ ನೀನು ಕೂಗಿದೆ.

ಮಾರನೆಯ ದಿನ ಕಣ್ಣು ಬಿಟ್ಟವಳು ಉಳಿಯದೆ ಹೋದ ಮಗುವಿನ ವಿಷಯ ಎತ್ತಲಿಲ್ಲ. ಮೊದಲು ಕೇಳಿದ್ದು, "ಮೂಗೀ, ನಾನು ಜೋರಾಗಿ ಕೂಗಿದ್ನೇನೇ? ಹೊರಗೆಲ್ಲ ಕೇಳಿಸ್ತಾ?" ನಾನು "ಇಲ್ಲಕ್ಕಾ, ಒಂಚೂರೂ ಕೇಳಿಸಲಿಲ್ಲ" ಅಂದೆ. ನೀನು ಉಸಿರು ಬಿಟ್ಟೆ. "ಸದ್ಯ. ನಾನೆಲ್ಲೋ ಬೀದಿಗೆಲ್ಲ ಕೇಳೋ ಹಾಗೆ ಅರಚಿಬಿಟ್ಟೆ ಅನ್ಕೊಂಡಿದ್ದೆ" ಅಂದೆ. ಆಮೇಲೆ ನೋಡಲು ಬಂದವರಿಗೆಲ್ಲ ನೀನು ಅದನ್ನೇ ಹೇಳಿದೆ. ಅತ್ತೆಗೆ, ಪಕ್ಕದ ಮನೆಯವರಿಗೆ, ಲಾಂಡ್ರಿಯವರಿಗೆ. "ತುಟಿ ಪಿಟಕ್ ಅನ್ನಲಿಲ್ಲ ನಾನು. ಬೇಕಾದ್ರೆ ನನ್ನ ತಂಗೀನ ಕೇಳಿ." ಅವರು ನನ್ನ ಕಡೆ ನೋಡುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಉಳಿದದ್ದೆಲ್ಲ ಹೋದ ಮೇಲೆ ನೀನು ಹಿಡಿದುಕೊಂಡದ್ದು ಅದೊಂದನ್ನೇ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಮಾಡಿದೆ.

ಮಾಡಿದ್ದು ಹೇಗೆ ಅಂತ ಹೇಳುತ್ತೇನೆ. ಈ ಸಿನಿಮಾದಲ್ಲಿ ಒಂದು ಜಾಗವಿದೆ, ಹೆಂಗಸೊಬ್ಬಳು ಮಹಡಿಯ ಕೊನೆಯ ಕೋಣೆಯ ಬಾಗಿಲು ತೆರೆಯುತ್ತಾಳೆ. ಒಳಗೆ ದೆವ್ವ ಇಲ್ಲ. ಯಾರೂ ಇಲ್ಲ. ಇರಬೇಕಾದವರು ಇಲ್ಲ, ಅದಕ್ಕೇ ಕೂಗುತ್ತಾಳೆ. ನಾನು ಬಾಗಿಲು ಕೊಟ್ಟೆ, ಬಾವಿ ಕೊಟ್ಟೆ, ಎರಡನ್ನೂ ಸೇರಿಸಿ ಕೊಟ್ಟೆ. ಡೈರೆಕ್ಟರಿಗೆ ಯಾವುದೂ ಹಿಡಿಸಲಿಲ್ಲ. "ಇದು ಮೈಮೇಲೆ ಹಲ್ಲಿ ಬಿದ್ದ ಕೂಗಮ್ಮ" ಅಂದರು. "ಇದು ಬಸ್ ತಪ್ಪಿಸ್ಕೊಂಡಿದ್ದು" ಅಂದರು. ಎಲ್ಲರಿಗೂ ಹಸಿವು, ಊಟದ ಡಬ್ಬಿಗಳು ಹೊರಗೆ ತಣ್ಣಗಾಗುತ್ತಿದ್ದವು. ನನ್ನಿಂದ ಅಷ್ಟು ಜನ ಕಾಯುತ್ತಿದ್ದಾರಲ್ಲ ಅಂತ ಕಿವಿ ಬಿಸಿಯಾಯಿತು. ಡೈರೆಕ್ಟರು ಕೊನೆಗೆ ಮೆಲ್ಲಗೆ, "ಕೂಗು ಅಂತ ಕೂಗಬೇಡ. ಇಷ್ಟು ಹೊತ್ತು ಇತ್ತು, ಈಗ ಇಲ್ಲ ಅಂತ ಅವಳಿಗೆ ಗೊತ್ತಾಯ್ತು. ಅಷ್ಟೇ" ಅಂದರು.

ನಾನು ಹುಡುಕಿಕೊಂಡು ಹೋಗಲಿಲ್ಲ ಅಕ್ಕಾ. ಅದು ಅಲ್ಲೇ ಇತ್ತು, ಎರಡು ವರ್ಷದಿಂದ. ಕಣ್ಣು ಮುಚ್ಚಿದೆ, ಹಸಿರು ಬಳಿದ ಗಾಜು ಕಾಣಿಸಿತು, ಬಾಯಿ ತೆರೆದೆ.

ಮುಗಿದ ಮೇಲೆ ಮೈಕಿನ ಕೋಣೆಯ ಗಾಜಿನಾಚೆ ಡೈರೆಕ್ಟರು ಎದ್ದು ನಿಂತು ಚಪ್ಪಾಳೆ ಹೊಡೆದರು. ಎಲ್ಲರೂ ಹೊಡೆದರು. ಸೌಂಡ್ ಅಣ್ಣ ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಂಡು, "ಇದಕ್ಕೆ ಹೆಸರಿಲ್ಲ ಬಿಡು" ಅಂದರು. ದೆವ್ವದಮ್ಮ ಮಾತ್ರ ಹೊಡೆಯಲಿಲ್ಲ. ಹೆಣಿಗೆ ತೊಡೆಯ ಮೇಲೆ ಬಿದ್ದಿತ್ತು. ನಾನು ಹೊರಗೆ ಬಂದಾಗ ಕೈ ಹಿಡಿದು, "ಯಾರದ್ದೇ ಅದು?" ಅಂತ ಕೇಳಿದರು. ನಾನು "ನಂದೇ" ಅಂದೆ. ಅವರು ಟೋಪಿಯ ಒಂದಿಡೀ ಸಾಲನ್ನು ಬಿಚ್ಚಿ ಮತ್ತೆ ಹೆಣೆಯಲು ಕೂತರು.

ಇಲ್ಲಿಗೆ ನಿಲ್ಲಿಸಿದರೆ ಬಾಯಿತಪ್ಪಿ ಆಗಿಹೋಯಿತು ಅಂತ ನೀನು ಅಂದುಕೊಳ್ಳಬಹುದು. ಹಾಗಲ್ಲ. ಸೌಂಡ್ ಅಣ್ಣ ಅದನ್ನು ನನಗೆ ಹಾಕಿ ಕೇಳಿಸಿದರು. "ಇಡೋಣವಾ? ನಿನಗೆ ಸರಿ ಅನ್ಸುತ್ತಾ?" ಅಂತ ಕೇಳಿದರು. ಆ ಸ್ಟುಡಿಯೋದಲ್ಲಿ ನನ್ನನ್ನು ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ. ಬೇಡ ಅನ್ನಬಹುದಿತ್ತು. ಆಗಲೇ ಅಳಿಸಿಬಿಡುತ್ತಿದ್ದರು. ನೀನು ನನ್ನ ಎರಡು ಕಿವಿಯಲ್ಲೂ ಕೂಗುತ್ತಿದ್ದೆ, ನಾನು "ಇಡಿ" ಅಂದೆ. ಅಲ್ಲಿಯ ತನಕ ಕೂಗಿ ಆದ ಮೇಲೆ ನೆಲವನ್ನೂ ನಾನೇ ಒರೆಸುತ್ತಿದ್ದೆ, ಅವತ್ತಿನಿಂದ ಅದಕ್ಕೆ ಬೇರೆಯವಳನ್ನು ಇಟ್ಟಿದ್ದಾರೆ. ನನಗೆ ಕಪ್ಪಿನಲ್ಲಿ ಚಹಾ ಬರುತ್ತದೆ, ಕುರ್ಚಿ ಬಂದಿದೆ. ಸಂಬಳ ಹೆಚ್ಚಾಯಿತು ಅಂತ ನಿನಗೆ ಬೂಟು ತಂದುಕೊಟ್ಟೆನಲ್ಲ, ನಿಂತು ನಿಂತು ಕಾಲು ನೋಯುತ್ತದೆ ಅಂತ ನೀನು ಹೇಳುತ್ತಿದ್ದುದಕ್ಕೆ. ಅದು ಆ ದುಡ್ಡು. ನೀನು "ಮೆತ್ತಗಿದೆ ಕಣೇ" ಅಂತ ಮನೆಯೊಳಗೂ ಹಾಕಿಕೊಂಡು ಓಡಾಡಿದೆ. ನಾನು ಗೋಡೆ ನೋಡುತ್ತಾ ಕೂತಿದ್ದೆ.

ಹೋದ ವಾರ ಸ್ಟುಡಿಯೋದವರಿಗೆಲ್ಲ ಸಿನಿಮಾ ತೋರಿಸಿದರು, ಹೊರಗಿನವರೂ ಬಂದಿದ್ದರು. ನಾನು ಕೊನೆಯ ಸಾಲಿನಲ್ಲಿ ಕೂತೆ. ಆ ಕೋಣೆಯ ಬಾಗಿಲು ತೆರೆಯಿತು. ನೀನು ಕೂಗಿದೆ. ಮುಂದಿನ ಸಾಲಿನವನ ಕೈಯಿಂದ ತಂಪು ಪಾನೀಯ ಚೆಲ್ಲಿತು. ಒಬ್ಬ ಹುಡುಗಿ ಪಕ್ಕದವಳ ಹೆಗಲಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಎಲ್ಲರೂ ಉಸಿರು ಬಿಟ್ಟು ಒಬ್ಬರನ್ನೊಬ್ಬರು ನೋಡಿ ನಕ್ಕರು, ನೀನು ಅವತ್ತು ನಕ್ಕ ಹಾಗೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರವರ ಮನೆಯ ಭಯವನ್ನು ಅಲ್ಲಿ ಇಳಿಸಿಕೊಂಡರು, ಅಷ್ಟೇ. ಅದು ನಿಜವಾದದ್ದು ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ, ಅಷ್ಟು ಜನ ಒಟ್ಟಿಗೆ ಬೆಚ್ಚಿದಾಗ ನನ್ನ ಮೈ ಜುಮ್ಮೆಂದಿತು. ಸುಳ್ಳು ಹೇಳುವುದಿಲ್ಲ, ಹೆಮ್ಮೆಯೇ ಆಯಿತು. ಮನೆಗೆ ಬಂದು ಮುಖ ತೊಳೆದೆ, ಮತ್ತೆ ತೊಳೆದೆ.

ಭಾನುವಾರ ನೀನು ಚಪ್ಪಾಳೆಯ ಮಾತು ಹೇಳಿದ ಮೇಲೆ ಸೋಮವಾರ ಬೆಳಿಗ್ಗೆಯೇ ಸೌಂಡ್ ಅಣ್ಣನ ಮುಂದೆ ನಿಂತೆ. ಆ ಕೂಗು ತೆಗೆದುಹಾಕಿ ಅಂದೆ. ಅವರು ನಕ್ಕರು. "ಎಲ್ಲರೂ ಪರದೆ ಮೇಲೆ ನನ್ನ ಹೆಸರು ಹಾಕ್ಸಿ ಅಂತ ಬರ್ತಾರೆ. ನನ್ನ ದನಿ ತೆಗೀರಿ ಅಂತ ಬಂದವಳು ನೀನೇ ಮೊದಲು. ಹುಚ್ಚೀ, ಸಿನಿಮಾ ಥಿಯೇಟರಿಗೆ ಹೋಗಿ ಆಯ್ತು. ಇನ್ನು ಡೈರೆಕ್ಟರ್ ಬಂದ್ರೂ ತೆಗೆಯಕ್ಕಾಗಲ್ಲ." ನಾನು ಅಲ್ಲೇ ನಿಂತಿದ್ದೆ. ಯಾಕೆ ಅಂತ ಕೇಳಿದರು. ಹೇಳಿದೆ. ತಡವರಿಸುತ್ತಾ ಎಲ್ಲ ಹೇಳಿದೆ. ಅವರ ನಗು ನಿಂತಿತು. ಯಂತ್ರದ ಗುಂಡಿಗಳ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಾ ಕೂತರು. "ನನಗೆ ಮೊದಲೇ ಒಂದು ಮಾತು ಹೇಳಿದ್ದಿದ್ರೆ..." ಅಂದರು. ಇಡೋಣವಾ ಅಂತ ಮೊದಲೇ ನನ್ನನ್ನು ಕೇಳಿದ್ದರಲ್ಲ ಅವರು.

ದೆವ್ವದಮ್ಮ ಎಲ್ಲ ಕೇಳಿಸಿಕೊಂಡಿದ್ದರು. ನಾನು ಅವರಿಗೆ, ಅಕ್ಕನಿಗೆ ಗೊತ್ತೇ ಆಗದಿರಬಹುದು, ತನ್ನ ಕೂಗಿನ ಗುರುತು ಯಾರಿಗೆ ತಾನೆ ಸಿಗುತ್ತದೆ, ಸುಮ್ಮನಿದ್ದುಬಿಡಲಾ ಅಂದೆ. ಅವರು ಸೂಜಿ ಕೆಳಗಿಟ್ಟರು. "ಗುರುತು ಸಿಗದೇ ಇದ್ರೆ ಏನು ಮಾಡ್ತಾಳೆ? ಚಪ್ಪಾಳೆ ಹೊಡೀತಾಳೆ. ಅದನ್ನ ನೋಡ್ಕೊಂಡು ಇರ್ತೀಯಾ ನೀನು?" ಅಂದರು. ನನ್ನ ಕಡೆ ತಿರುಗಿ, "ನೀನು ಹೇಳಿದ್ರೆ ಅವಳಿಗೆ ನಿನ್ನ ಮೇಲೆ ಸಿಟ್ಟು ಬರುತ್ತೆ. ಪರದೆ ಹೇಳಿದ್ರೆ ತನ್ನನ್ನ ಕಂಡ್ರೇ ತನಗೆ ಹೆದರಿಕೆ ಬರುತ್ತೆ. ಸಿಟ್ಟೇ ವಾಸಿ. ಹೋಗು, ಕೂತು ಬರಿ" ಅಂದರು.

ಅದಕ್ಕೇ ಬರೆಯುತ್ತಿದ್ದೇನೆ. ಸಿನಿಮಾ ಚೆನ್ನಾಗಿಲ್ಲ, ಹೋಗಬೇಡಿ ಅಂತ ಫೋನ್ ಮಾಡಿಬಿಡೋಣ ಅಂತಲೂ ಅನ್ನಿಸಿತ್ತು. ಆದರೆ ನಿನಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ಹೋದರೆ, ಆ ಜಾಗ ಬರುವುದು ಇಂಟರ್‌ವಲ್ ಆದ ಮೇಲೆ. ಹೆಂಗಸು ಒಬ್ಬಳೇ ಮೆಟ್ಟಿಲು ಹತ್ತುತ್ತಾಳೆ, ಸಂಗೀತ ನಿಲ್ಲುತ್ತದೆ, ಅವಳ ಹೆಜ್ಜೆ ಸದ್ದು ಮಾತ್ರ ಕೇಳುತ್ತದೆ. ಆಗ ನೀನು ಎದ್ದು ಹೊರಗೆ ಬಂದುಬಿಡಬಹುದು. ಲಾಂಡ್ರಿಯವರಿಗೆ ಚಪ್ಪಾಳೆ ಬೇಡ ಅಂತ ಹೇಳು. ಯಾಕೆ ಅಂತ ಕೇಳಿದರೆ ತಂಗಿಗೆ ನಾಚಿಕೆಯಂತೆ ಅಂದರೆ ಸಾಕು, ನಂಬುತ್ತಾರೆ.

ಇನ್ನೊಂದು. ಹೊರಗೆ ಕೇಳಿಸಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ಎಲ್ಲರಿಗೂ ಕೇಳಿಸಿತು. ಆದರೆ ನೀನು ಅಂದುಕೊಂಡ ಹಾಗೆ ಯಾರೂ ಮುಖ ಸಿಂಡರಿಸಲಿಲ್ಲ. ನೆಲ ಗುಡಿಸುತ್ತಿದ್ದವರು ಪೊರಕೆ ಗೋಡೆಗೆ ಒರಗಿಸಿ ನಿಂತರು. ಎದುರಿನ ಬೆಂಚಿನಲ್ಲಿ ಜಗಳವಾಡುತ್ತಿದ್ದ ಗಂಡ ಹೆಂಡತಿ ಮಾತು ನಿಲ್ಲಿಸಿದರು. ಗುರುತಿಲ್ಲದ ಹೆಂಗಸೊಬ್ಬಳು ನನ್ನ ಪಕ್ಕ ಬಂದು ಕೂತು, ಏನೂ ಕೇಳದೆ ನನ್ನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡಳು. ಜೋರಾಗಿ ಕೂಗಿದೆ ಅಂತ ನಿನ್ನನ್ನು ಯಾರೂ ಹಗುರವಾಗಿ ನೋಡಲಿಲ್ಲ. ಇದನ್ನು ನಾನು ನಿನಗೆ ಮೊದಲ ದಿನವೇ ಹೇಳಿದ್ದರೆ ನೀನು ಇಷ್ಟು ದಿನ ಪಾತ್ರೆ ಸದ್ದಾಗದ ಹಾಗೆ ಇಟ್ಟುಕೊಂಡು ಬದುಕಬೇಕಾಗಿರಲಿಲ್ಲವೇನೋ. ಕೂಗಲು ಥಿಯೇಟರಿಗೇ ಹೋಗಬೇಕಾಗಿರಲಿಲ್ಲವೇನೋ.

ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ. ಮಾತು ಬಿಡುವುದಾದರೆ ಬಿಡು. ಸಿನಿಮಾಕ್ಕೆ ಹೋಗುವುದನ್ನು ಮಾತ್ರ ಬಿಡಬೇಡ. ಈ ವಾರವಲ್ಲದಿದ್ದರೆ ಬರುವ ವಾರ, ಬೇರೆ ಯಾವುದಾದರೂ ದೆವ್ವಕ್ಕೆ ಹೋಗು. ನಮ್ಮ ಸ್ಟುಡಿಯೋದ್ದಲ್ಲದ್ದು ಯಾವುದು ಅಂತ ಭಾವನಿಗೆ ಹೇಳಿ ಕಳಿಸುತ್ತೇನೆ.

ಎಲ್ಲ ಹೇಳಿದ್ದೇನೆ. ಕೈ ನೋಯುತ್ತಿದೆ.

ತಪ್ಪು ಮಾಡಿದ ನಿನ್ನ ತಂಗಿ,
ಮೂಗಿ

ಬುಧವಾರ

ಮೇಲೆ ಎಲ್ಲ ಹೇಳಿದ್ದೇನೆ ಅಂತ ಬರೆದಿದ್ದೇನೆ. ಇಲ್ಲ, ಒಂದನ್ನು ಬಿಟ್ಟಿದ್ದೆ. ಅವತ್ತು ನೀನು ಸುಮ್ಮನೆ ಕೂಗಿದ್ದಲ್ಲ ಅಕ್ಕಾ. "ಮೂಗೀ" ಅಂತ ನನ್ನನ್ನು ಕರೆದದ್ದು. ಹೆಸರು ಮೊದಲು ಬಂತು, ಅದರ ಕೊನೆಯೇ ಎಳೆದುಕೊಂಡು ಆ ಕೂಗಾಯಿತು. ಸ್ಟುಡಿಯೋದಲ್ಲಿ ನಾನು ಹೆಸರನ್ನು ನುಂಗಿ, ಉಳಿದದ್ದನ್ನು ಕೊಟ್ಟೆ. ಡೈರೆಕ್ಟರಿಗಾಗಲೀ ಸೌಂಡ್ ಅಣ್ಣನಿಗಾಗಲೀ ದೆವ್ವದಮ್ಮನಿಗಾಗಲೀ ಇದು ಗೊತ್ತಿಲ್ಲ. ಆ ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ನರ್ಸುಗಳು ಹೆಗಲಿನಿಂದ ತಳ್ಳಿಕೊಂಡು ಓಡಾಡುತ್ತಿದ್ದರು. ನಾನು ತಳ್ಳಲಿಲ್ಲ. ಶುಕ್ರವಾರ ನೀನು ಹೋಗುವುದಾದರೆ ನಿನ್ನ ಪಕ್ಕದ ಸೀಟಿನಲ್ಲಿ ಕೂರುತ್ತೇನೆ, ನೀನು ಬಾ ಅಂದರೆ.

ಇವತ್ತು ಬೆಳಿಗ್ಗೆ ಈ ಕಾಗದ ಹಿಡಿದುಕೊಂಡು ನಿಮ್ಮ ಮನೆ ತನಕ ಬಂದಿದ್ದೆ. ನೀನು ಮಹಡಿಯಲ್ಲಿ ನಿಂತು ಭಾವನ ಅಂಗಿಗಳನ್ನು ತಂತಿಗೆ ಹಾಕುತ್ತಿದ್ದೆ. ನಿಂತಿದ್ದ ವ್ಯಾನಿನ ಹಿಂದೆ ನಾನಿದ್ದೆ, ನೀನು ನೋಡಲಿಲ್ಲ. ಕಾಗದ ಕೊಡದೆ ವಾಪಸ್ ತಂದೆ, ಇದಿಷ್ಟನ್ನು ಸೇರಿಸಿ ಸಂಜೆ ಮತ್ತೆ ತರುತ್ತೇನೆ. ನೀನು ಒಳಗೆ ಹೋದ ಮೇಲೆ ಒಂದು ಅಂಗಿ ಗಾಳಿಗೆ ಜಾರಿ ಕೆಳಗೆ ಬಿತ್ತು. ಮಣ್ಣು ಕೊಡವಿ, ತೋಳುಗಳನ್ನು ಸರಿಮಾಡಿ, ನಿಮ್ಮ ಗೇಟಿನ ಮೇಲೆ ಹಾಕಿ ಬಂದೆ.